ತಡವಾಗಿ ಬೀಳುವ ಚಪ್ಪಾಳೆ

ಪಾಂಡವಪುರ
12 ಜುಲೈ 2024

ಪ್ರಮೀಳಾ ಅವರಿಗೆ ನಮಸ್ಕಾರ.

ಬುಧವಾರ ಫೋನ್ ಮಾಡಿದ್ದವಳು ನಾನೇ. ‘ನಿಮ್ಮ ಮಗಳ ಕಿವಿ’ ಎಂದು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟಿರಿ. ಮತ್ತೆ ಮಾಡಿದರೆ ಎತ್ತಲಿಲ್ಲ. ನೀವು ಅಡುಗೆ ಕೆಲಸ ಮಾಡುವ ಹಾಸ್ಟೆಲ್ಲಿನ ವಿಳಾಸ ಶಾಲೆಯ ಪುಸ್ತಕದಲ್ಲಿ ಸಿಕ್ಕಿತು. ಅದಕ್ಕೇ ಈ ಕಾಗದ.

ನನ್ನ ಹೆಸರು ಪ್ರಿಯಾಂಕ. ಸಿಂಧಘಟ್ಟದಾಚೆಯ ನಿಮ್ಮೂರಿನ ಶಾಲೆಗೆ ಜೂನ್‌ನಿಂದ ಮಂಗಳವಾರ, ಶುಕ್ರವಾರ ಸಂಗೀತ ಹೇಳಿಕೊಡಲು ಬರುತ್ತಿದ್ದೇನೆ. ಇರುವ ಹತ್ತೊಂಬತ್ತು ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುತ್ತೇನೆ. ಕಛೇರಿಯ ಸಂಗೀತವೇನಲ್ಲ, ಹಾಡು ಮತ್ತು ತಾಳ, ಅಷ್ಟೇ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು. ‘ಬಲ’ ಎಂದರೆ ಎರಡು, ‘ಬಾಲ’ ಎಂದರೆ ಮೂರು. ಜೂನ್‌ನಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತಿದ್ದ ಮಕ್ಕಳು ಈಗ ಬರೆಯುವ ಮೊದಲು ತೊಡೆಯ ಮೇಲೆ ಮೆಲ್ಲಗೆ ತಟ್ಟಿ ನೋಡಿಕೊಳ್ಳುತ್ತಾರೆ. ಓದುವಾಗಲೂ ತಡವರಿಕೆ ಕಡಿಮೆಯಾಗಿದೆ. ಒಬ್ಬಳನ್ನು ಬಿಟ್ಟು.

ನಿಮ್ಮ ಅಕ್ಷಿತಾ ಎಲ್ಲರಿಗಿಂತ ಅರ್ಧ ತಾಳ ಹಿಂದೆ ಬೀಳುತ್ತಾಳೆ. ಮೊದಲು ನಾಚಿಕೆ ಎಂದುಕೊಂಡೆ. ಮಂಗಳವಾರ ಆಟಕ್ಕೆಂದು ಎಲ್ಲರಿಗೂ ಕಣ್ಣು ಮುಚ್ಚಿ ತಟ್ಟಲು ಹೇಳಿದೆ. ಹದಿನೆಂಟು ಮಕ್ಕಳ ಚಪ್ಪಾಳೆ ಬಿತ್ತು. ಅವಳ ಕೈಗಳು ಗಾಳಿಯಲ್ಲೇ ನಿಂತಿದ್ದವು. ಒಂದು ಕಣ್ಣನ್ನು ಎಳೆಯಷ್ಟು ತೆರೆದು ಪಕ್ಕದವನ ಕೈ ನೋಡಿ ಆಮೇಲೆ ತಟ್ಟಿದಳು. ನಾನು ಹಿಂದೆ ಹೋಗಿ ನಿಂತು ಹೆಸರು ಹಿಡಿದು ಕರೆದೆ. ಮೂರು ಸಲ ಕರೆದರೂ ತಿರುಗಲಿಲ್ಲ.

ಅವಳು ದಡ್ಡಿಯಲ್ಲ. ಕಿವಿಯ ಕೆಲಸವನ್ನೂ ಕಣ್ಣಿನಿಂದ ಮಾಡುತ್ತಿದ್ದಾಳೆ. ದಯವಿಟ್ಟು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ.

ಇಂತಿ,
ಪ್ರಿಯಾಂಕ


ನಾಗಮಂಗಲ
19 ಜುಲೈ 2024

ಮೇಡಂ,

ನಿಮ್ಮ ಕಾಗದ ಬಂತು. ಹೋದ ವರ್ಷವೆಲ್ಲ ಶಾಲೆಯವರು ನನ್ನ ಮಗಳನ್ನು ‘ನಿಧಾನ’ ಎಂದರು. ಈಗ ನೀವು ಕಿವಿ ಎನ್ನುತ್ತಿದ್ದೀರಿ. ಅಕ್ಷಿತಾ, ನಮ್ಮ ಮನೆಯ ಚಿನ್ನು, ನಾನು ಹೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ಎದುರಿಗೆ ಕೂತು ಗಿಣಿಯ ಹಾಗೆ ಮಾತಾಡುತ್ತಾಳೆ. ದಿನವೆಲ್ಲ ಅವಳ ಜೊತೆಗಿರುವವರು ನಮ್ಮತ್ತೆ ಚಿಕ್ಕಬೋರಮ್ಮ. ನನ್ನ ಗಂಡ ರವೀಂದ್ರ ಹಾಲಿನ ವ್ಯಾನು ಓಡಿಸುತ್ತಾರೆ, ದಿನಾ ಮನೆಗೆ ಬರುತ್ತಾರೆ. ಇಬ್ಬರಿಗೂ ಕಾಣದ್ದು ನಿಮಗೆ ವಾರಕ್ಕೆ ಎರಡು ಗಂಟೆಯಲ್ಲಿ ಕಂಡುಬಿಟ್ಟಿತೇ?

ನಾನು ಹದಿನೈದು ದಿನಕ್ಕೊಮ್ಮೆ ಮಗಳ ಮುಖ ನೋಡುವವಳು. ಇಲ್ಲಿ ನೂರು ಹುಡುಗಿಯರಿಗೆ ಮುದ್ದೆ ತೊಳಸುತ್ತಾ ಅವಳನ್ನೇ ನೆನೆಸುತ್ತಿರುತ್ತೇನೆ. ‘ಕಿವುಡಿ’ ಎಂಬ ಮಾತು ಒಂದು ಸಲ ಊರಿನ ಬಾಯಿಗೆ ಬಿದ್ದರೆ ಅವಳ ಮದುವೆಯವರೆಗೂ ಹಿಂದೆ ಬರುತ್ತದೆ. ಹಾಡು ಕಲಿಸಲು ಬಂದವರು ಹಾಡು ಕಲಿಸಿ. ಫೋನು ಮಾಡಬೇಡಿ. ಅಡುಗೆಮನೆಯಲ್ಲಿ ನಾಲ್ಕು ಜನ ಇರುತ್ತಾರೆ.

ಪ್ರಮೀಳಾ

ಕೈ ಗಾಳಿಯಲ್ಲಿ ನಿಂತಾಗ ಬೇರೆ ಮಕ್ಕಳು ನಕ್ಕರೇ?


ಪಾಂಡವಪುರ
6 ಆಗಸ್ಟ್ 2024

ಪ್ರಮೀಳಾ ಅವರೆ,

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಮುಚ್ಚಿತ್ತು.

ನಿಮ್ಮ ಕಾಗದ ಓದಿ ಇನ್ನು ಬರೆಯಬಾರದು ಎಂದುಕೊಂಡಿದ್ದೆ. ನಮ್ಮ ಹೆಡ್‌ಮಾಸ್ಟರ್ ಮಹದೇವಸ್ವಾಮಿಯವರೂ ಅದನ್ನೇ ಹೇಳಿದರು. “ನೋಡೀಮ್ಮ, ಇರೋದೇ ಹತ್ತೊಂಬತ್ತು ಮಕ್ಳು. ಯಾರಾದ್ರೂ ಮುನಿಸ್ಕಂಡು ಟಿ.ಸಿ. ಕೇಳುದ್ರೆ ಇಸ್ಕೂಲ್ನೇ ಮುಚ್ಬುಡ್ತಾರೆ. ನೀವು ಹಾಡು ಹೇಳ್ಕೊಟ್ಟು ಹೋಗ್ಬುಡಿ” ಎಂದರು. ಅವರು ಕೆಟ್ಟವರಲ್ಲ. ಅವರಿಗೆ ಅವರ ಭಯ.

ಆದರೆ ಇವತ್ತು ನಡೆದದ್ದನ್ನು ಹೇಳದೆ ಇರಲಾರೆ. ಹಾಡುತ್ತಾ ಕುಣಿಯುವಾಗ ಚಿನ್ನುವಿನ ಎಡಗಿವಿಯಿಂದ ಹತ್ತಿ ಕೆಳಗೆ ಬಿತ್ತು. ಎತ್ತಿಕೊಂಡೆ. ಹಳದಿಯಾಗಿತ್ತು, ಕೊಳೆತ ವಾಸನೆ. ಅವಳು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಕಿವಿಗೆ ತುರುಕಿಕೊಂಡಳು, ಎಷ್ಟೋ ಸಲ ಮಾಡಿ ರೂಢಿಯಾದವಳ ಹಾಗೆ. “ಯಾರಿಗೂ ಯೋಳ್ಬೇಡಿ ಮಿಸ್. ಅಜ್ಜಿ ಬೈತದೆ” ಎಂದಳು.

ಸಂಜೆ ನಿಮ್ಮ ಅತ್ತೆ ಕರೆದುಕೊಂಡು ಹೋಗಲು ಬಂದಾಗ ಕೇಳಿದೆ. “ನೆಗಡಿ ಕಣವ್ವ” ಎಂದವರೇ ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ. ಹೆದರಿಕೆ. ಅದನ್ನು ನೋಡಿ ನನಗೂ ಹೆದರಿಕೆಯಾಯಿತು.

ನನಗೆ ಪರಿಚಯದ ಒಬ್ಬ ನರ್ಸ್ ಅಕ್ಕನನ್ನು ವಿಚಾರಿಸಿದೆ. ವಾಸನೆ ಬರುವ ಕೀವು ಬಹಳ ದಿನದಿಂದ ಸೋರುತ್ತಿದ್ದರೆ ಒಳಗಿನ ಮೂಳೆ ಸವೆಯಬಹುದು, ಮಿದುಳಿಗೂ ತಗುಲಬಹುದು ಎಂದರು. ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ನನಗೆ ಊಟ ಸೇರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಪ್ರಿಯಾಂಕ


ನಾಗಮಂಗಲ
26 ಆಗಸ್ಟ್ 2024

ಪ್ರಿಯಾಂಕ ಮೇಡಂ,

ನಿಮ್ಮ ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಹದಿನೈದು ದಿನ ಓದಿದ್ದನ್ನೇ ಓದಿದೆ. ನಿನ್ನೆ ಭಾನುವಾರ ಊರಿಗೆ ಹೋಗಿದ್ದೆ.

ಚಿನ್ನು ಜಗಲಿಯ ಮೇಲೆ ನನಗೆ ಬೆನ್ನು ಮಾಡಿ ಕೂತು ಹುಣಸೆ ಬೀಜ ಆಡುತ್ತಿದ್ದಳು. ನಾನು ಒಳಗಿನ ಬಾಗಿಲಲ್ಲಿ ನಿಂತು “ಚಿನ್ನು” ಎಂದೆ. ಆಟ ನಿಲ್ಲಲಿಲ್ಲ. ಜೋರಾಗಿ ಕರೆದೆ. ಆಗಲೂ ಇಲ್ಲ. ಮೂರನೇ ಸಲ ಕರೆದಾಗ ತಿರುಗಿ “ಏನಮ್ಮ?” ಎಂದಳು. ಒಂದು ಕ್ಷಣ ಜೀವ ಬಂದ ಹಾಗಾಯಿತು.

ಆಮೇಲೆ ಕಂಡಿತು. ಅವಳ ಎದುರಿಗೆ, ಅಂಗಳದಲ್ಲಿ, ನಮ್ಮತ್ತೆ ರಾಗಿ ಕೇರುತ್ತಾ ನಿಂತಿದ್ದರು. ನಾನು ಕರೆದಾಗ ಹುಬ್ಬು ಎತ್ತಿ, ಗಲ್ಲದಿಂದ ನನ್ನ ಕಡೆ ತೋರಿಸಿದ್ದರು. ಅದನ್ನು ನೋಡಿ ಮಗು ತಿರುಗಿತ್ತು.

ಅತ್ತೆಗೂ ನಾನು ಕಂಡದ್ದು ಗೊತ್ತಾಯಿತು. ಊಟಕ್ಕೆ ಕೂತಾಗ ಅವರು ನನ್ನ ತಟ್ಟೆಗೆ ಎರಡು ಸಲ ಸಾರು ಬಿಟ್ಟರು. ನಾನು ಸಾಕು ಎನ್ನಲಿಲ್ಲ. ಮೂರೂವರೆ ಬಸ್ಸಿಗೆ ಹೊರಟುಬಂದೆ. ನಾಗಮಂಗಲ ಬರುವವರೆಗೂ ನನ್ನನ್ನು ನಾನೇ ಬೈದುಕೊಂಡೆ, ಕೇಳಬೇಕಿತ್ತು ಎಂದು.

ಎಂಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಹೆಂಗಸು ನನ್ನ ಮಗುವಿನ ವಿಷಯದಲ್ಲಿ ನನ್ನನ್ನೇ ಏಕೆ ಏಮಾರಿಸುತ್ತಿದ್ದಾರೆ? ಗಂಡನಿಗೆ ಹೇಳಿದರೆ ತಾಯಿ ಮಗನ ನಡುವೆ ಏನಾಗುತ್ತದೋ ಗೊತ್ತಿಲ್ಲ. ನಿಮ್ಮನ್ನು ಆಗ ಬೈದಿದ್ದೆ, ಈಗ ನಿಮ್ಮನ್ನೇ ಕೇಳುತ್ತಿದ್ದೇನೆ. ಒಂದು ಸಲ ನಮ್ಮ ಮನೆಗೆ ಹೋಗಿ ಅವರನ್ನು ಮಾತಾಡಿಸುತ್ತೀರಾ? ನಾನು ಕೇಳಿದರೆ ಜಗಳವಾಗುತ್ತದೆ.

ನಿಮ್ಮ
ಪ್ರಮೀಳಾ


ಪಾಂಡವಪುರ
3 ಸೆಪ್ಟೆಂಬರ್ 2024

ಪ್ರಮೀಳಕ್ಕ,

ಇವತ್ತು ಪಾಠ ಮುಗಿಸಿಕೊಂಡು ಹೋಗಿದ್ದೆ. ನಿಮ್ಮ ಅತ್ತೆ ಮೊದಲು ಬಾಗಿಲಲ್ಲೇ ನಿಲ್ಲಿಸಿದರು. ನಾನು ಜಗಳಕ್ಕೆ ಬಂದವಳಲ್ಲ ಎಂದು ತಿಳಿದ ಮೇಲೆ ಮಜ್ಜಿಗೆ ಕೊಟ್ಟರು. ನರ್ಸ್ ಅಕ್ಕ ಹೇಳಿದ್ದನ್ನು ನಾನು ಹೇಳಿದೆ. ಖಾಲಿ ಲೋಟ ಪಕ್ಕಕ್ಕಿಟ್ಟು, “ನಾನು ಯೋಳಿದಂಗೇ ಬರ್ಕಳವ್ವ. ನನ್ ಸೊಸೆ ಮುಖ ನೋಡ್ಕಂಡು ಯೋಳಕ್ಕೆ ನನ್ ಕೈಲಾಗಲ್ಲ” ಎಂದರು. ಕೆಳಗಿರುವುದು ಅವರ ಮಾತು. ನಾನು ಒಂದಕ್ಷರ ತಿದ್ದಿಲ್ಲ.

‘ಪ್ರಮೀಳಾ, ಕೂಸಿನ ಕಿವಿ ಮಂದ ಅಂತ ನಂಗೆ ಓದ ವರ್ಸ ಯುಗಾದಿಯಿಂದ ಗೊತ್ತು. ಕೀವು ಬತ್ತಿತ್ತು. ಹತ್ತಿ ಇಟ್ಟೆ, ಬೆಚ್ಚಗೆ ಎಣ್ಣೆ ಬುಟ್ಟೆ. ಎದುರುಗೆ ನಿಂತು ಬಾಯ್ ನೋಡ್ಕಂಡು ಮಾತಾಡು ಅಂತ ಕಲಿಸ್ದೋಳೂ ನಾನೇ. ನೀ ಬಂದಾಗ ಹತ್ತಿ ತೆಗ್ದು ಕಿವಿ ಒರ್ಸಿ ಸನ್ನೆ ಮಾಡ್ತಿದ್ದೋಳೂ ನಾನೇ.

ನಿನ್ ಗಂಡಂಗೆ ಒಬ್ಳು ತಂಗಿ ಇದ್ಲು. ಮಾಯಮ್ಮ ಅಂತ. ನಿಂಗೆ ಯಾರೂ ಯೋಳಿಲ್ಲ. ನಾಕನೇ ವರ್ಸದಲ್ಲಿ ಜ್ವರ ಬಂದು ಎರಡೂ ಕಿವಿ ಓಯ್ತು. ಇಸ್ಕೂಲಲ್ಲಿ ಗೋಡೆ ಪಕ್ಕ ಸುಮ್ನೆ ಕುಂತಿದ್ದು ಬತ್ತಿದ್ಲು. ಯಾರೋ ಅಂದ್ರು ಅಂತ ಆಸ್ಪತ್ರೆಗೆ ಕರ್ಕಂಡೋದೆ. ಕಿವಿ ಕೇಳಲ್ಲ ಅಂತ ಒಂದು ಚೀಟಿ ಬರ್ಕೊಟ್ರು. ಆ ಚೀಟಿ ನೋಡಿ ಆಗಿದ್ದ ಮೇಷ್ಟ್ರು, ಈ ಇಸ್ಕೂಲು ಇವಳಿಗಲ್ಲ, ಅಂಥೋರಿಗೇಂತ ದೂರದಲ್ಲಿ ಒಂದೈತೆ, ಅಲ್ಲೇ ಉಳ್ಕಂಡು ಓದ್ತಾಳೆ ಅಂದ್ಬುಟ್ರು. ಬಸ್ ಅತ್ತಿಸ್ದೆ. ಆಗ ಅವಳಿಗೆ ಒಂಬತ್ತು ವರ್ಸ ಕಣವ್ವ. ಕಿಟಕೀಲಿ ನಗ್ತಾ ಕೈ ಆಡಿಸ್ಕಂಡು ಓದ್ಲು. ನೆಂಟ್ರ ಮನೆಗೆ ಅನ್ಕಂಡಿದ್ಲೋ ಏನೋ. ಎಲ್ಲಿಗೆ ಕಳುಸ್ತಾ ಇವ್ನಿ ಅಂತ ಅವಳಿಗೆ ತಿಳ್ಸಕ್ಕೆ ನಂಗೆ ಬರ್ಲಿಲ್ಲ. ಮಳೆಗಾಲದಲ್ಲಿ ಅಲ್ಲಿ ವಾಂತಿ ಬೇದಿ ಆಯ್ತಂತೆ. ನಂಗೆ ಸುದ್ದಿ ಮುಟ್ಟೋ ಒತ್ಗೆ ಮಣ್ಣೂ ಮಾಡ್ಬುಟ್ಟಿದ್ರು. ಮುಖ ನೋಡ್ಲಿಲ್ಲ ನಾನು. ಅವತ್ತಿಂದ ನನ್ ಮಗ ಆ ಹೆಸ್ರು ಎತ್ತಿಲ್ಲ.

ಆಸ್ಪತ್ರೆಗೆ ಓದ್ರೆ ಚೀಟಿ ಬತ್ತದೆ. ಚೀಟಿ ಬಂದ್ರೆ ಕೂಸು ಓಯ್ತದೆ. ಅದುಕ್ಕೇ ಮುಚ್ಚಿಟ್ಟೆ. ಈಗ ಈ ಮೇಡಮ್ಮು, ಕೀವು ಒಳೀಕೂ ಓಯ್ತದೆ ಅಂತಾವ್ರೆ. ಕಳ್ಸುದ್ರೂ ಓಯ್ತದೆ, ಇಟ್ಕಂಡ್ರೂ ಓಯ್ತದೆ ಅಂದ್ರೆ ನಾನೇನ್ ಮಾಡ್ಲವ್ವ? ನೀ ಬಾ. ನನ್ ಮಗಂಗೆ ನೀನೇ ಯೋಳು.’

ಇಷ್ಟು ಹೇಳಿ ಎದ್ದು ಒಳಗೆ ಹೋದರು. ಹೆಬ್ಬೆಟ್ಟು ಒತ್ತಬೇಕೇನೋ ಎಂದು ಮತ್ತೆ ಬಂದು ಕೇಳಿದರು. ಬೇಡ ಎಂದೆ.

ಅಕ್ಕ, ತಡಮಾಡಬೇಡಿ.

ಪ್ರಿಯಾಂಕ


ಮೈಸೂರು
17 ಸೆಪ್ಟೆಂಬರ್ 2024

ಪ್ರಿಯಾಂಕ,

‘ಮೇಡಂ’ ಎಂದು ಬರೆಯಲು ಈಗ ಕೈ ಬರುತ್ತಿಲ್ಲ, ತಪ್ಪು ತಿಳಿಯಬೇಡಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಚಿನ್ನು ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.

ರಜ ಹಾಕಿ ಊರಿಗೆ ಹೋಗಿ ಗಂಡನಿಗೆ ಅತ್ತೆಯ ಮಾತನ್ನು ಓದಿ ಹೇಳಿದೆ. ಅವರು ವ್ಯಾನು ತೊಳೆಯುತ್ತಿದ್ದರು. ಮಾಯಮ್ಮ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಕೊಳಾಯಿಯ ನೀರು ಹರಿಯುತ್ತಲೇ ಇತ್ತು. ಬೈಯುತ್ತಾರೆ ಎಂದುಕೊಂಡೆ. ಕೊಳಾಯಿ ನಿಲ್ಲಿಸಿ “ನಾಳಿಕ್ಕೆ ವ್ಯಾನಿಗೆ ಬೇರೆಯೋರ್ನ ನೋಡ್ತೀನಿ, ಮೈಸೂರ್ಗೆ ಓಗಣ” ಎಂದರು. ಅಷ್ಟೇ.

ಇಲ್ಲಿ ಡಾಕ್ಟರು ಕಾಗದ ತುಂಬಿಸುವಾಗ ಕೇಳಿದರು, “ಮನೆಯಲ್ಲಿ ಬೇರೆ ಯಾರಿಗಾದರೂ ಕಿವಿ ತೊಂದರೆ ಇತ್ತೇ?” ನನ್ನ ಗಂಡ “ಇಲ್ಲ ಸಾರ್” ಎಂದರು. ಡಾಕ್ಟರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಇವರು ತಡೆದು, “ಇತ್ತು ಸಾರ್. ನನ್ ತಂಗೀಗೆ. ಮಾಯಮ್ಮ ಅಂತ ಬರ್ಕಳಿ” ಎಂದರು. ಹೆಸರು ಬೇಕಾಗಿಲ್ಲ ಎಂದು ಡಾಕ್ಟರು ಹೇಳಿದರು. “ಇರ್ಲಿ ಸಾರ್, ಬರ್ಕಳಿ” ಎಂದರು ಇವರು. ಡಾಕ್ಟರು ಇವರ ಮುಖ ನೋಡಿ ಬರೆದುಕೊಂಡರು.

ಎಡಗಿವಿಯೊಳಗೆ ಚರ್ಮ ಬೆಳೆದು ಮೂಳೆಯನ್ನು ತಿನ್ನುತ್ತಿದೆಯಂತೆ. ಮಿದುಳಿನ ಕಡೆಯ ಗೋಡೆ ಕಾಗದದಷ್ಟು ತೆಳುವಾಗಿದೆಯಂತೆ. ಆಪರೇಷನ್ ಆಗಲೇಬೇಕು. ಆ ಕಿವಿ ಇನ್ನು ಕೇಳುವುದು ಅನುಮಾನ. ಬಲಗಿವಿಯ ಪರದೆಯ ಹಿಂದೆ ನೀರು ತುಂಬಿದೆ, ಸಣ್ಣ ನಳಿಕೆ ಹಾಕಿ ತೆಗೆದರೆ ಅದು ಕೇಳುತ್ತದೆ. ಎಡಗಡೆ ಕತ್ತರಿಸುವ ಜಾಗದ ಪಕ್ಕದಲ್ಲೇ ಮುಖದ ನರ ಇದೆಯಂತೆ. ತಗುಲಿದರೆ ಬಾಯಿ ಸೊಟ್ಟಗಾಗಬಹುದು ಎಂದು ಮೊದಲೇ ಹೇಳಿದರು. ಹೇಳದಿದ್ದರೆ ಚೆನ್ನಾಗಿತ್ತು ಎನಿಸಿತು. ಇನ್ನು ನಾಲ್ಕು ತಿಂಗಳು ಬಿಟ್ಟು ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಡಾಕ್ಟರು ಕ್ಯಾಲೆಂಡರ್ ಎಳೆದುಕೊಂಡು ದಿನ ಗೊತ್ತುಮಾಡಿದರು.

ಆಪರೇಷನ್ ಅಕ್ಟೋಬರ್ ಮೂರಕ್ಕೆ. ಅಲ್ಲಿಯವರೆಗೆ ಜ್ವರ, ವಾಂತಿ, ತಲೆನೋವು ಏನೇ ಬಂದರೂ ತಕ್ಷಣ ಕರೆತನ್ನಿ ಎಂದಿದ್ದಾರೆ. ಅವಳು ಹಣೆ ಮುಟ್ಟಿಕೊಂಡರೆ ಸಾಕು, ಬಿಸಿಯಿದೆಯೇ ಎಂದು ನಾನೂ ಮುಟ್ಟಿ ನೋಡುತ್ತೇನೆ.

ಪ್ರಮೀಳಾ


ಮೈಸೂರು
4 ಅಕ್ಟೋಬರ್ 2024

ಪ್ರಿಯಾಂಕ,

ಆಯಿತು. ಬದುಕಿದ್ದಾಳೆ. ಮೊದಲು ಇಷ್ಟನ್ನು ಬರೆಯುತ್ತೇನೆ.

ನಿನ್ನೆ ಬೆಳಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಎರಡೂವರೆ ಗಂಟೆ ಎಂದಿದ್ದರು, ಐದು ಗಂಟೆ ಹಿಡಿಯಿತು. ಮೂರು ಗಂಟೆ ಕಳೆದ ಮೇಲೆ ಗಂಡನ ಮುಖ ನೋಡುವುದನ್ನೂ ಬಿಟ್ಟೆ. ಅತ್ತೆ ಊರಲ್ಲೇ ಇರುತ್ತೇನೆ ಎಂದಿದ್ದವರು ಹೊತ್ತು ಹುಟ್ಟುವ ಮೊದಲೇ ಬಸ್ಸು ಹತ್ತಿ ಒಬ್ಬರೇ ಬಂದುಬಿಟ್ಟಿದ್ದರು. ಬಾಗಿಲಿನ ಎದುರು ನೆಲದ ಮೇಲೆ ಕೂತವರು ಒಂದು ತೊಟ್ಟು ನೀರೂ ಕುಡಿಯಲಿಲ್ಲ. ಅವರ ಮೇಲೆ ನನಗೆ ಸಿಟ್ಟಿತ್ತು, ಪ್ರಿಯಾಂಕ. ಒಂದೂವರೆ ವರ್ಷ ಆ ಹತ್ತಿಯ ಕೆಳಗೆ ನನ್ನ ಮಗುವಿನ ತಲೆ ಕೊಳೆಯುತ್ತಿತ್ತು. ಆ ಸಿಟ್ಟು ಇನ್ನೂ ಹೋಗಿಲ್ಲ. ಆದರೂ ಹೋಗಿ ಅವರ ಪಕ್ಕದಲ್ಲೇ ಕೂತೆ.

ಹೊರಗೆ ತಂದಾಗ ಅರ್ಧ ತಲೆಗೆ ಬಟ್ಟೆ ಸುತ್ತಿತ್ತು. ಕಣ್ಣು ಬಿಟ್ಟಮೇಲೆ ಡಾಕ್ಟರು “ಎಲ್ಲಿ ಪುಟ್ಟಿ, ಹಲ್ಲು ತೋರಿಸು” ಎಂದರು. ಅವಳಿಗೆ ನೋವು, ಹಸಿವು, ತೋರಿಸಲೇ ಇಲ್ಲ. ನಾವು ಮೂವರೂ ಹಲ್ಲು ಕಿರಿದು ತೋರಿಸುತ್ತಾ ನಿಂತೆವು. ಅವಳ ಅಪ್ಪ, ಮೀಸೆಯ ಗಂಡಸು, ಕೋತಿಯ ಹಾಗೆ ಮಾಡಿದರು. ಆಗ ನಕ್ಕಳು. ಎರಡೂ ಕಡೆ ಸಮವಾಗಿ ನಕ್ಕಳು.

ಡಿಸ್ಚಾರ್ಜ್ ಚೀಟಿಯ ಮಾತೆತ್ತಿದರೆ ಅತ್ತೆಯ ಮುಖ ಬಿಳುಚಿಕೊಳ್ಳುತ್ತದೆ. “ಇಸ್ಕೂಲ್ಗೆ ತೋರುಸ್ಬೇಡಿ ಕಣ್ರೋ” ಎನ್ನುತ್ತಿದ್ದಾರೆ. ಏನು ಹೇಳಲಿ?

ಪ್ರಮೀಳಾ


ಪಾಂಡವಪುರ
12 ನವೆಂಬರ್ 2024

ಪ್ರಮೀಳಕ್ಕ,

ಚಿನ್ನು ಶಾಲೆಗೆ ಬಂದು ಇವತ್ತಿಗೆ ಎರಡು ವಾರ. ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆಯಿದೆ, ಸುಳ್ಳಾಗುತ್ತದೆ. ಮೊದಲ ದಿನ ಮಕ್ಕಳು ಒಟ್ಟಿಗೆ ಹಾಡಲು ಶುರುಮಾಡಿದಾಗ ಬಲಗಿವಿ ಮುಚ್ಚಿಕೊಂಡು ಚೀರಿ ಹೊರಗೆ ಓಡಿದಳು. ಇಷ್ಟು ಸದ್ದನ್ನು ಅವಳು ಕೇಳಿಯೇ ಎಷ್ಟು ಕಾಲವಾಗಿತ್ತೋ. ಒಂದು ವಾರ ಕೋಣೆಯ ಹೊರಗೆ, ಮೆಟ್ಟಿಲ ಮೇಲೆ ಕೂತು ಕೇಳಿದಳು. ನಾನೂ ಕರೆಯಲಿಲ್ಲ. ಕಳೆದ ಶುಕ್ರವಾರ ತಾನಾಗಿಯೇ ಒಳಗೆ ಬಂದಳು. ಇವತ್ತು ‘ಬಾಲ’ಕ್ಕೆ ದೀರ್ಘ ಹಾಕಿದಳು. ಪ ಮತ್ತು ಬ ಇನ್ನೂ ಅದಲು ಬದಲು. ಒಂದೂವರೆ ವರ್ಷದ ಪಾಠ ಅವಳ ಕಿವಿಗೆ ಬಿದ್ದೇ ಇಲ್ಲವಲ್ಲ, ಹಿಂದಿನದನ್ನೆಲ್ಲ ಮೊದಲಿಂದ ಹೇಳಿಕೊಡಬೇಕು.

ನಿಮ್ಮ ಅತ್ತೆ ದಿನಾ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಸಂಜೆಯವರೆಗೂ ಕೂತಿರುತ್ತಾರೆ. ಯಾರಾದರೂ ಮಗುವನ್ನು ಕರೆದುಕೊಂಡು ಹೋಗಿಬಿಟ್ಟಾರು ಎಂದು ಕಾವಲು. ನಿನ್ನೆ ಮಹದೇವಸ್ವಾಮಿಯವರು ತಾವೇ ಹೋಗಿ ಕರೆದರಂತೆ. ಅಜ್ಜಿ ಸೆರಗಿನ ಗಂಟಿನಿಂದ ಚೀಟಿ ತೆಗೆದು ಕೊಟ್ಟರಂತೆ. ಅವರು ಪೂರ್ತಿ ಓದಿ, ಮಡಿಸಿ, ಅಜ್ಜಿಯ ಕೈಗೇ ವಾಪಸು ಕೊಟ್ಟು, “ಇದು ನಿಮ್ಮತ್ರನೇ ಇರ್ಲಿ ಅಜ್ಜಿ. ಮಗು ಇಲ್ಲೇ ಇರ್ತದೆ. ಬಲಗಿವಿ ನಮ್ ಕಡೆ ಬರೋ ಹಂಗೆ ಜಾಗ ಬದ್ಲಾಯಿಸ್ತೀವಿ, ಅಷ್ಟೇ” ಎಂದರಂತೆ. ಅಜ್ಜಿ ನಂಬಿದರೋ ಇಲ್ಲವೋ. ಇವತ್ತೂ ಹೊಂಗೆ ಮರದ ಕೆಳಗೇ ಇದ್ದರು.

ಆ ಹತ್ತೊಂಬತ್ತು ಮಕ್ಕಳ ಮುಂದೆ ನಿಂತಾಗಲೆಲ್ಲ ನನಗೆ ಒಂದು ಭಯವಾಗುತ್ತದೆ. ಈ ಪಾಠವೇ ಇಲ್ಲದ ಶಾಲೆಗಳಲ್ಲಿ ಇಂಥ ಮಕ್ಕಳು ಎಷ್ಟು ಜನ ಗೋಡೆ ಪಕ್ಕ ಕೂತಿದ್ದಾರೋ.

ನಿಮ್ಮ ತಂಗಿಯಂಥ
ಪ್ರಿಯಾಂಕ


ನಾಗಮಂಗಲ
2 ಡಿಸೆಂಬರ್ 2024

ಪ್ರಿಯಾಂಕ,

ಈಗ ಪ್ರತಿ ಭಾನುವಾರವೂ ಊರಿಗೆ ಹೋಗುತ್ತೇನೆ. ವಾರ್ಡನ್‌ಗೆ ಎಲ್ಲ ಹೇಳಿ ರಜ ಬದಲಾಯಿಸಿಕೊಂಡೆ. ಹೇಳುವಾಗ ‘ಕಿವಿ’ ಎಂಬ ಮಾತನ್ನು ನುಂಗಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಮೈಸೂರಿಗೆ ಹೋಗಬೇಕು. ಎಡಗಡೆ ಮತ್ತೆ ಬೆಳೆದಿದೆಯೇ ಎಂದು ನೋಡುತ್ತಾರಂತೆ. ಬೆಳೆಯಲೂಬಹುದು ಎಂದಿದ್ದಾರೆ. ಆ ಭಯ ಇನ್ನು ನಮ್ಮ ಮನೆಯಲ್ಲೇ ಇರುತ್ತದೆ, ಅದರ ಜೊತೆಯಲ್ಲೇ ಬಾಳಬೇಕು.

ನಿನ್ನೆ ನಡೆದದ್ದನ್ನು ನಿಮಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ನಾನು ನಡುಮನೆಯಲ್ಲಿ ಚಿನ್ನುವಿನ ಜಡೆ ಹೆಣೆಯುತ್ತಿದ್ದೆ. ಗಾಯದ ಕಡೆ ಕೂದಲು ಈಗಷ್ಟೇ ಮೊಳೆಯುತ್ತಿದೆ. ಅವಳು ತಟ್ಟನೆ ತಲೆ ಎತ್ತಿ, “ಅಮ್ಮ, ಅದೇನು ಸದ್ದು?” ಎಂದಳು. ನನಗೇನೂ ಕೇಳಿಸಲಿಲ್ಲ. ಮತ್ತೆ ಏನಾಯಿತೋ, ಕಿವಿಯೊಳಗೇ ಏನಾದರೂ ಸದ್ದಾಗುತ್ತಿದೆಯೋ ಎಂದು ಬಗ್ಗಿ ನೋಡಿದೆ. ಅವಳು ಅರ್ಧ ಜಡೆಯಲ್ಲೇ ಎದ್ದು ಹಿತ್ತಿಲ ಕಡೆ ನಡೆದಳು. ಹಿಂದೆಯೇ ಹೋದೆ.

ಕೊಟ್ಟಿಗೆಯಲ್ಲಿ ಅತ್ತೆ ನಮಗೆ ಬೆನ್ನು ಮಾಡಿ, ಹಸುವಿನ ಮೈಗೆ ಹಣೆಯಿಟ್ಟು ಅಳುತ್ತಿದ್ದರು. ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಆ ಅಳು ಹೊಸದಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಈ ಒಂದೂವರೆ ವರ್ಷವೂ ಎಲ್ಲರೂ ಕೆಲಸಕ್ಕೆ ಹೋದಮೇಲೆ, ಮನೆಯಲ್ಲಿ ಮಗುವೊಂದೇ ಇದ್ದಾಗ, ಮಾಯಮ್ಮನನ್ನು ನೆನೆದು ಹೀಗೇ ಅತ್ತಿರಬೇಕು. ಬೆನ್ನು ತಿರುಗಿಸಿದರೆ ಸಾಕಿತ್ತು, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಚಿನ್ನು ಹೋಗಿ ಅವರ ಸೀರೆಯ ನೆರಿಗೆ ಹಿಡಿದು ಎಳೆದಳು. ಅತ್ತೆ ಬೆಚ್ಚಿಬಿದ್ದು ತಿರುಗಿ, ರೂಢಿಯಂತೆ ಮುಖ ಒರೆಸಿಕೊಂಡು, ತುಟಿ ಅಗಲಿಸಿ ನಕ್ಕು, “ಏನಿಲ್ಲ ಕಣ್ಮಗ, ಕಣ್ಣಿಗೆ ಹೊಟ್ಟು ಬಿತ್ತು” ಎಂದರು.

“ಸುಳ್ಳೇಳ್ಬೇಡ ಕಣಜ್ಜಿ” ಎಂದಳು ಚಿನ್ನು. “ನಂಗೀಗ ಕೇಳ್ಸ್ತದೆ.”

ನಿಮ್ಮ
ಪ್ರಮೀಳಕ್ಕ